ಊರಲ್ಲಿ ಅವ್ವನ ಫೋನಿಗೆ ಟವರ್ ಸಿಗುತ್ತಿಲ್ಲ, ಯಾವ ಕಂಪನಿಗೆ ಪೋರ್ಟ್ ಮಾಡಿಸಲಿ?

ಗುಡ್ಡದ ಬುಡದವನು, ಹೊಳಲ್ಕೆರೆ ತಾಲೂಕು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ನಾನಿರುವುದು ದಾವಣಗೆರೆಯಲ್ಲಿ, ಹದಡಿ ರಸ್ತೆ ಕಡೆ ಮೋಟರ್ ವೈಂಡಿಂಗ್ ಕೆಲಸ. ಊರು ಹೊಳಲ್ಕೆರೆ ತಾಲೂಕಿನಲ್ಲಿ, ಗುಡ್ಡದ ಬುಡಕ್ಕೆ, ಸುತ್ತ ಅಡಿಕೆ ತೋಟ. ಅಪ್ಪ ಹೋಗಿ ಎರಡು ವರ್ಷ ಆಯಿತು. ಮನೆಯಲ್ಲಿ ಅವ್ವ ಒಬ್ಬಳೇ. ಇಲ್ಲಿಗೆ ಬಾ ಅಂದರೆ ಬರುವುದಿಲ್ಲ, ತೋಟ ಯಾರು ನೋಡ್ತಾರೆ ಅಂತಾಳೆ.

ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಳು. ಸಂಜೆ ಆರು ಗಂಟೆ, ಕರೆಂಟ್ ಇಲ್ಲ, ಮಣಿಕಟ್ಟು ಊದಿಕೊಂಡಿದೆ. ಫೋನ್ ಕೈಯಲ್ಲೇ ಇದೆ, ಟವರ್ ಇಲ್ಲ. ನಾನು ದಿನಾ ಅದೇ ಹೊತ್ತಿಗೆ ಫೋನ್ ಮಾಡುವವನು, ಅವತ್ತು ಹದಿನೇಳು ಸಲ ಮಾಡಿದ್ದೇನೆ. ಪ್ರತಿ ಸಲ "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅನ್ನುವ ಅದೇ ದನಿ. ಪಕ್ಕದ ಮನೆ ಹುಡುಗ ಬೈಕ್ ತೆಗೆದುಕೊಂಡು ಮೇನ್ ರೋಡಿಗೆ ಬಂದು ನನಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಒಂಬತ್ತೂವರೆ. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಆ ಮೂರೂವರೆ ಗಂಟೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಅವ್ವನದು ಹಳೇ ಕೀಪ್ಯಾಡ್ ಫೋನ್. ಅದನ್ನು ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ನಡುಮನೆ ಕಿಟಕಿ ಸರಳಿಗೆ ತೂಗು ಹಾಕಿದ್ದಾಳೆ, ಯಾಕೆಂದರೆ ಮನೆಯಲ್ಲಿ ಎರಡು ಕಡ್ಡಿ ಬರುವುದು ಅಲ್ಲಿ ಮಾತ್ರ. ರಿಂಗ್ ಆದರೆ ಅಲ್ಲಿಗೇ ಓಡಬೇಕು, ಕಿಟಕಿಗೆ ಮುಖ ಕೊಟ್ಟು ಮಾತಾಡಬೇಕು. ಕರೆಂಟ್ ಹೋದರೆ ಆ ಎರಡು ಕಡ್ಡಿಯೂ ಇಲ್ಲ.

ನಂಬರ್ ಅದೇ ಇಟ್ಟುಕೊಂಡು, ಈಗಿರುವ ಕಂಪನಿ ಬಿಟ್ಟು ಬೇರೆಯದಕ್ಕೆ ಪೋರ್ಟ್ ಮಾಡಿಸಬೇಕು. ಯಾವುದು ಚೆನ್ನಾಗಿದೆ ಹೇಳಿ. ಇನ್ನೊಂದು ತೊಡಕು, ಸಿಮ್ ಇರುವುದು ಅಪ್ಪನ ಹೆಸರಲ್ಲಿ. ಅವ್ವನ ಬ್ಯಾಂಕು, ಗ್ಯಾಸು, ಗೃಹಲಕ್ಷ್ಮಿ ಮೆಸೇಜು ಎಲ್ಲ ಅದೇ ನಂಬರಿಗೆ ಬರುತ್ತವೆ.

ನಿಟುವಳ್ಳಿ ನಿವಾಸಿ, ದಾವಣಗೆರೆ

ಅಣ್ಣಾ, ಓದಿ ಬೇಸರ ಆಯಿತು. ಅಮ್ಮ ಈಗ ಹುಷಾರಾಗಿದ್ದಾರಾ? ನಾನು ಹೋದ ವರ್ಷ ಬದಲಾಯಿಸಿದೆ, ನನಗೆ ಬಹಳ ಅನುಕೂಲ ಆಗಿದೆ. ಮನೆಯಲ್ಲಿ, ಪಿ.ಜೆ. ಬಡಾವಣೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ, ಎಲ್ಲ ಕಡೆ ಫುಲ್ ಸಿಗುತ್ತದೆ. ಹೆಸರು ಬೇಕಾದರೆ ಹೇಳುತ್ತೇನೆ.

ಗುಡ್ಡದ ಬುಡದವನು, ಹೊಳಲ್ಕೆರೆ ತಾಲೂಕು

ಹುಷಾರಾಗಿದ್ದಾಳೆ, ಕೇಳಿದ್ದಕ್ಕೆ ಧನ್ಯವಾದ. ದಾವಣಗೆರೆಯಲ್ಲಿ ನನ್ನ ಸಿಮ್ಮೂ ಚೆನ್ನಾಗಿ ನಡೆಯುತ್ತದೆ. ಅದೇ ಸಿಮ್ ಊರಿಗೆ ಹೋದರೆ ಸತ್ತು ಬೀಳುತ್ತದೆ. ಅದಕ್ಕೇ ಕೇಳಿದ್ದು.

ಟವರ್ ಕೆಲಸದವನು, ಹೊಸದುರ್ಗ

ಯಾರೂ ಕಂಪನಿ ಹೆಸರು ಹೇಳಬೇಡಿ, ಇವರಿಗೆ ಅದರಿಂದ ಉಪಯೋಗ ಇಲ್ಲ. ಹನ್ನೊಂದು ವರ್ಷದಿಂದ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆ ಟವರ್ ಮೇಂಟೆನೆನ್ಸ್ ಮಾಡುತ್ತಿದ್ದೇನೆ. ಒಂದೇ ಊರಲ್ಲಿ ದೇವಸ್ಥಾನದ ಕಡೆ ಒಂದು ಕಂಪನಿ ಚೆನ್ನಾಗಿರುತ್ತದೆ, ಕೆರೆ ಕಡೆ ಇನ್ನೊಂದು. ನಿಮ್ಮ ಮನೆಯ ಕಿಟಕಿಗೆ ಯಾವುದು ಅನ್ನುವುದನ್ನು ಆ ಕಿಟಕಿಯಲ್ಲೇ ನೋಡಬೇಕು.

ಯಾಕೆ ಅಂತ ಹೇಳುತ್ತೇನೆ. ತರಂಗಗಳು ಬೇರೆ ಬೇರೆ ಬ್ಯಾಂಡಿನಲ್ಲಿ ಬರುತ್ತವೆ. 700, 850, 900 ಮೆಗಾಹರ್ಟ್ಸ್ ಇವೆಲ್ಲ ಕೆಳಗಿನ ಬ್ಯಾಂಡು, ದೂರ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. 1800, 2100 ನಡುವಿನವು. 2300, 2500, ಆಮೇಲೆ 5ಜಿ ಓಡುವ 3300 ಇವು ವೇಗ ಜಾಸ್ತಿ ಕೊಡುತ್ತವೆ, ಆದರೆ ಹತ್ತಿರದಲ್ಲೇ ಮುಗಿದುಹೋಗುತ್ತವೆ. 2022ರ ತರಂಗಾಂತರ ಹರಾಜಿನಲ್ಲಿ ಜಿಯೊ 700ರ ಬ್ಯಾಂಡನ್ನು ದೇಶದ 22 ವಲಯಗಳಲ್ಲೂ ತೆಗೆದುಕೊಂಡಿತು, ಬಿಎಸ್‌ಎನ್‌ಎಲ್‌ಗೂ 700ರಲ್ಲಿ ಜಾಗ ಇದೆ. ಆದರೆ ನಿಮ್ಮೂರಿಗೆ ಕಾಣುವ ಟವರಿನ ಮೇಲೆ ಆ ಬ್ಯಾಂಡಿನ ಆಂಟೆನಾ ಕಟ್ಟಿದ್ದಾರಾ, ಕಟ್ಟಿದ್ದರೆ ನಿಮ್ಮೂರ ಕಡೆ ಮುಖ ಮಾಡಿದೆಯಾ ಅನ್ನುವುದೇ ಬೇರೆ ಮಾತು. ಹರಾಜಿನ ಸುದ್ದಿ ಓದಿಕೊಂಡು ಸಿಮ್ ತೆಗೆದುಕೊಳ್ಳಬೇಡಿ.

ಅಡಿಕೆ ತೋಟ ಅಂದಿರಿ. ಮಳೆಗಾಲದಲ್ಲಿ ಗರಿ ಒದ್ದೆಯಾದಾಗ ಸಿಗ್ನಲ್ ಇನ್ನೂ ಕಡಿಮೆಯಾಗುತ್ತದೆ, ಗಮನಿಸಿ. ಮಣ್ಣಿನ ದಪ್ಪ ಗೋಡೆ ಇದ್ದರೂ ಕಷ್ಟ, ಮೇಲೆ ತಗಡಿನ ಶೀಟ್ ಇದ್ದರಂತೂ ಮೇಲಿನಿಂದ ಏನೂ ಒಳಗೆ ಬರುವುದಿಲ್ಲ. ಕಿಟಕಿ ಒಂದೇ ದಾರಿ. ಕಿಟಕಿ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಟವರೇ ನಿಮ್ಮ ಮನೆ ಟವರು.

ಈಗ ಕರೆಂಟ್ ವಿಷಯ, ನಿಮ್ಮ ನಿಜವಾದ ತೊಂದರೆ ಇರುವುದು ಅಲ್ಲೇ. ಕರೆಂಟ್ ಹೋದರೆ ಟವರ್ ಬ್ಯಾಟರಿ ಮೇಲೆ ನಡೆಯುತ್ತದೆ. ಬ್ಯಾಟರಿ ಹೊಸದಿದ್ದರೆ ಕೆಲವು ಗಂಟೆ ಬರುತ್ತದೆ, ಹಳೆಯದಾಗಿದ್ದರೆ ಬೇಗ ಕೈಕೊಡುತ್ತದೆ. ಡೀಸೆಲ್ ಜನರೇಟರ್ ಇದ್ದ ಕಡೆ ಪರವಾಗಿಲ್ಲ, ಇಲ್ಲದ ಕಡೆ ಕರೆಂಟ್ ಬರುವ ತನಕ ಕಾಯಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಒಂದೇ ಟವರಿನ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ಇರುತ್ತವೆ. ಟವರ್ ಇನ್ನೊಬ್ಬರದು, ಇವರೆಲ್ಲ ಬಾಡಿಗೆಗೆ. ಕೆಳಗಿರುವ ಬ್ಯಾಟರಿಯೂ ಬಹಳ ಕಡೆ ಒಂದೇ. ನೀವು ಈ ಕಂಪನಿ ಬಿಟ್ಟು ಅದೇ ಟವರಿನಲ್ಲಿರುವ ಇನ್ನೊಂದಕ್ಕೆ ಹೋದರೆ ಸಂಜೆ ಆರು ಗಂಟೆಗೆ ಎರಡೂ ಒಟ್ಟಿಗೇ ಹೋಗುತ್ತವೆ. ಮೊದಲು ನಿಮ್ಮೂರಿಗೆ ಎಷ್ಟು ಟವರ್ ಇವೆ, ಯಾವ ದಿಕ್ಕಿಗೆ, ಯಾವುದರ ಮೇಲೆ ಯಾರಿದ್ದಾರೆ ನೋಡಿ. ಸರ್ಕಾರದ್ದು ತರಂಗ್ ಸಂಚಾರ್ ಅಂತ ಒಂದು ಪೋರ್ಟಲ್ ಇದೆ, ಅದರಲ್ಲಿ ಹತ್ತಿರದ ಟವರುಗಳು ಕಾಣುತ್ತವೆ.

ಇನ್ನೂ ಒಂದು. ಕಡ್ಡಿ ಫುಲ್ ಇದ್ದು ಕಾಲ್ ಹೋಗದಿದ್ದರೆ ಫೋನ್ ಹಾಳಾಗಿದೆ ಅಂದುಕೊಳ್ಳಬೇಡಿ. ಹಳ್ಳಿ ಕಡೆ ಎಷ್ಟೋ ಟವರುಗಳಿಗೆ ಫೈಬರ್ ಇರುವುದಿಲ್ಲ, ದುಂಡನೆ ಡಿಶ್ ಮೂಲಕ ಆಚೆ ಟವರಿಗೆ ಕೊಂಡಿ. ಆಚೆಯದು ಬಿದ್ದರೆ ಈಚೆಯದು ಬೆಳಗುತ್ತಿದ್ದರೂ ಮಾತು ಹೋಗುವುದಿಲ್ಲ.

ಹರಿಹರದ ಹೊಳೆ ದಂಡೆ

ಟವರ್ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ನನಗೆ ಒಂದು ಮಾತು ಹೇಳಬೇಕು. ತಿಂಗಳು ತಿಂಗಳು ದುಡ್ಡು ಕೊಡುವವರು ನಾವು, ದಿಕ್ಕು ನೋಡುವವರು ನಾವು, ಕಿಟಕಿಗೆ ಫೋನ್ ಕಟ್ಟುವವರೂ ನಾವೇನಾ? 2024ರ ಜುಲೈ ಮೊದಲ ವಾರ ದೊಡ್ಡ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೇ ರೇಟ್ ಏರಿಸಿದವಲ್ಲ, ಆಗ ಹಳ್ಳಿಗೆ ಬೇರೆ ರೇಟ್ ಇತ್ತಾ? ಪೇಟೆಯವನು ಕೊಡುವುದನ್ನೇ ಅವರವ್ವನೂ ಕೊಡುತ್ತಾರೆ. ಮೊದಲು ದೂರು ಕೊಡಿ. ಸುಮ್ನೆ ಪೋರ್ಟ್ ಮಾಡಿಕೊಂಡು ಹೋದರೆ ಆ ಊರಲ್ಲಿ ಉಳಿದವರಿಗೆ ಏನು ಸಿಕ್ಕಿತು?

198ಕ್ಕೆ ಫೋನ್ ಮಾಡಿ ದೂರು ಬರೆಸಿ. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು, ಅದಕ್ಕೂ ಉತ್ತರ ಸರಿ ಬರದಿದ್ದರೆ ದೂರಸಂಪರ್ಕ ಇಲಾಖೆಯ ದೂರು ಪೋರ್ಟಲ್ ಇದೆ. ಊರಿನ ಹತ್ತು ಮನೆಯವರು ಒಂದೇ ವಾರದಲ್ಲಿ ದೂರು ಕೊಟ್ಟರೆ ತೂಕ ಬೇರೆ.

ಟವರ್ ಕೆಲಸದವನು, ಹೊಸದುರ್ಗ

ಒಪ್ಪುತ್ತೇನೆ. ಬ್ಯಾಟರಿ ಬದಲಾಗುವುದು ದೂರು ಬಿದ್ದ ಟವರಿಗೆ ಮೊದಲು. ಕೆಲಸದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅಲ್ಲಿಯ ತನಕ ಅವರವ್ವ ಒಬ್ಬರೇ ಇದ್ದಾರೆ, ಅದಕ್ಕೆ ಎರಡೂ ಒಟ್ಟಿಗೆ ನಡೆಯಲಿ.

ತಮ್ಮಾ, ಇದನ್ನು ಅವ್ವನಿಗೆ ಇವತ್ತೇ ಹೇಳಿಕೊಡು. ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬಂದಿದ್ದರೆ ಅಲ್ಲಿ ಬೇರೆ ಯಾವುದೋ ಕಂಪನಿಯ ಟವರ್ ಸಿಗುತ್ತಿದೆ ಅಂತ ಅರ್ಥ. ಆಗ 112 ಒತ್ತಿದರೆ ಆ ಟವರಿನಿಂದ ಕಾಲ್ ಹೋಗುತ್ತದೆ. ಅಂಕಿ ಗುರುತಿಸಲು ಬರದಿದ್ದರೆ ಎಲ್ಲಿ ಎಷ್ಟು ಸಲ ಒತ್ತಬೇಕು ಅಂತ ಬೆರಳು ಹಿಡಿದು ತೋರಿಸು.

ಚಳ್ಳಕೆರೆ ರೀಚಾರ್ಜ್ ಅಂಗಡಿ

ಮಧ್ಯಾಹ್ನ ಅಂಗಡಿ ಖಾಲಿ ಇದೆ, ಪೋರ್ಟ್ ಮಾಡಿಸುವ ಕ್ರಮ ಪೂರ್ತಿ ಹೇಳಿಬಿಡುತ್ತೇನೆ. ಎಣ್ಣೆ ಮಿಲ್ಲಿನವರು, ಕಂಬಳಿ ನೇಯುವವರು, ಕುರಿ ಕಾಯುವವರು, ಎಲ್ಲರೂ ನನ್ನ ಹತ್ತಿರವೇ ಬರುವುದು.

ಈ ಪೋರ್ಟಿಂಗ್ ಮೊದಲು ಹರಿಯಾಣದಲ್ಲಿ ಶುರುವಾಗಿದ್ದು 2010ರ ನವೆಂಬರ್‌ನಲ್ಲಿ, ನಮಗೆಲ್ಲ ಬಂದಿದ್ದು 2011ರ ಜನವರಿ 20ಕ್ಕೆ. ಆಗ ಒಂದು ವಾರ ಕಾಯಬೇಕಿತ್ತು, 19 ರೂಪಾಯಿ ಇತ್ತು. ಈಗಿನ ನಿಯಮ 2019ರ ಡಿಸೆಂಬರ್ 16ರಿಂದ ಬಂದದ್ದು. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು, 10 ಅಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಬೇಕು. ಅದೇ ಸಿಮ್ಮಿನಿಂದ ಕಳಿಸಬೇಕು. ಪೋರ್ಟ್ ಮಾಡಿಸಲು ಬೇಕಾದ ಎಂಟು ಅಕ್ಷರದ ಯುಪಿಸಿ ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದು ನಾಲ್ಕು ದಿನ ಮಾತ್ರ ಬಾಳುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ತೆಗೆದುಕೊಂಡು ಹೋಗಿ ಕೊಟ್ಟರೆ, ರಾಜ್ಯದೊಳಗೇ ಆದರೆ ಮೂರು ಕೆಲಸದ ದಿನದಲ್ಲಿ ಆಗುತ್ತದೆ. ಬೇರೆ ರಾಜ್ಯದ ನಂಬರ್ ಆದರೆ ಐದು. ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲ, ಕಳಿಸಲು ಆಗುವುದಿಲ್ಲ ಅಂತ ಕೆಲವರು ವಾಪಸ್ ಹೋಗುತ್ತಾರೆ. ಯಾವ ಪ್ಯಾಕ್ ಇದ್ದರೂ 1900ಕ್ಕೆ ಮೆಸೇಜ್ ಬಿಡಲೇಬೇಕು ಅಂತ ಟ್ರಾಯ್, ಅಂದರೆ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ, 2021ರ ಡಿಸೆಂಬರ್‌ನಲ್ಲೇ ಹೇಳಿದೆ.

ಜನ ಎಡವುವ ಕಡೆಗಳು ಬೇರೆಯೇ ಇವೆ. ಒಂದು ಸಲ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕು. ಹೊಸ ಸಿಮ್ಮಿಗೂ ಅದೇ 90. ಮನಸ್ಸು ಬದಲಾದರೆ ಮಧ್ಯೆ ದಾರಿ ಇಲ್ಲ. ಎರಡನೆಯದು, ಸಿಮ್ ಕಳೆದು ಅಥವಾ ಹಾಳಾಗಿ ಬದಲಿ ತೆಗೆದುಕೊಂಡಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ. ಇದು 2024ರ ಜುಲೈ 1ರಿಂದ ಬಂದ ನಿಯಮ, ಕಳ್ಳರು ಸಿಮ್ ಬದಲಿಸಿ ನಂಬರ್ ಹಾರಿಸಿಕೊಂಡು ಹೋಗುತ್ತಿದ್ದರು, ಅದನ್ನು ತಡೆಯಲು. ಹಾಗೇ ಯಾರಾದರೂ ಫೋನ್ ಮಾಡಿ ಆ ಎಂಟಕ್ಷರ ಕೇಳಿದರೆ ಯಾವ ಕಾರಣಕ್ಕೂ ಹೇಳಬೇಡಿ. ಇನ್ನು ಹಳೇ ಸಿಮ್ಮಿನಲ್ಲಿ ಉಳಿದ ಕರೆನ್ಸಿ, ಉಳಿದ ದಿನ ಎರಡೂ ಹೋಗುತ್ತವೆ, ಹೊಸ ಕಡೆಗೆ ಬರುವುದಿಲ್ಲ. ಅದಕ್ಕೆ ಪ್ಯಾಕ್ ಮುಗಿಯಲು ಐದಾರು ದಿನ ಇರುವಾಗ ಅರ್ಜಿ ಹಾಕಿ. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ಕಟ್ಟಿರಬೇಕು.

ಅಪ್ಪನ ಹೆಸರಿನ ಸಿಮ್ ಅಂದಿರಲ್ಲ, ಅದಕ್ಕೆ ಅವಸರ ಬೇಡ. ಮೊದಲು ಈಗಿರುವ ಕಂಪನಿಯ ಸ್ವಂತ ಕಚೇರಿಗೆ ಹೋಗಿ, ನನ್ನಂಥ ಸಣ್ಣ ಅಂಗಡಿಯಲ್ಲಿ ಅದು ಆಗುವುದಿಲ್ಲ. ಮರಣ ಪತ್ರ, ಅವ್ವನ ಆಧಾರ್ ಕೊಟ್ಟು ಅವ್ವನ ಹೆಸರಿಗೆ ಮಾಡಿಸಿ. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟ್‌ಗೆ ಹಾಕಿದರೆ ತಿರಸ್ಕಾರ ಆಗುತ್ತದೆ. ಒಂದು ಮುಗಿಸಿ ಇನ್ನೊಂದು. ಅವ್ವನ ಹೆಸರಲ್ಲಿ ಬೇರೆ ಯಾವ ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿಬಿಡಿ, ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ತೆಗೆಸಬಹುದು.

ಮೊಳಕಾಲ್ಮೂರು ಮಗ್ಗದ ಮನೆ

ನನ್ನದು ಬೇರೆ ಥರದ ತೊಂದರೆ, ಇಲ್ಲೇ ಕೇಳಬಹುದಾ? ನಾವು ರೇಷ್ಮೆ ಸೀರೆ ನೇಯುವವರು. ಸೀರೆ ಮಗ್ಗದಲ್ಲಿ ಇರುವಾಗಲೇ ಸೆರಗಿನ ಫೋಟೋ ತೆಗೆದು ವಾಟ್ಸಪ್‌ನಲ್ಲಿ ಕಳಿಸಬೇಕು, ಗಿರಾಕಿ ಬಣ್ಣ ಒಪ್ಪಿದರೆ ಮುಂದಿನದು. ನಮ್ಮ ಮನೆ ಆಂಧ್ರದ ಗಡಿಗೆ ಬಹಳ ಹತ್ತಿರ, ಆ ಕಡೆ ರಾಯದುರ್ಗ. ಮನೆಯ ಹಿಂದಿನ ಕೋಣೆಯಲ್ಲಿ ಕೂತರೆ ಫೋನ್ ಆಂಧ್ರದ ಟವರ್ ಹಿಡಿಯುತ್ತದೆ. ಮುಂದೆ ಬಂದರೆ ಕರ್ನಾಟಕ. ಎರಡರ ನಡುವೆ ಅಲ್ಲಾಡುತ್ತಾ ಫೋಟೋ ಅರ್ಧಕ್ಕೇ ನಿಂತುಬಿಡುತ್ತದೆ. ನನ್ನ ಮಗ್ಗ ಇರುವುದು ಹಿಂದಿನ ಕೋಣೆಯಲ್ಲಿ. ಕಂಪನಿ ಬದಲಾಯಿಸಿದರೆ ಸರಿಹೋಗುತ್ತದಾ ಅಣ್ಣಾ?

ಟವರ್ ಕೆಲಸದವನು, ಹೊಸದುರ್ಗ

ಅಕ್ಕಾ, ಬದಲಾಯಿಸುವ ಮುಂಚೆ ಒಂದು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಅಂತ ಇರುತ್ತದೆ. ಅದರಲ್ಲಿ ನೆಟ್‌ವರ್ಕನ್ನು ಫೋನೇ ಆರಿಸುವುದು ಆಫ್ ಮಾಡಿ. ಸ್ವಲ್ಪ ಹೊತ್ತು ಹುಡುಕಿ ಪಟ್ಟಿ ತೋರಿಸುತ್ತದೆ. ಅದರಲ್ಲಿ ಕೆಲವು ಫೋನುಗಳಲ್ಲಿ ರಾಜ್ಯದ ಗುರುತೂ ಬರುತ್ತದೆ. ಯಾವುದು ಆ ಕೋಣೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೋ ಅದನ್ನೇ ಹಿಡಿಸಿಡಿ, ಆಂಧ್ರದ್ದಾದರೂ ಪರವಾಗಿಲ್ಲ, ಈಗಿನ ಸಾಮಾನ್ಯ ಅನ್‌ಲಿಮಿಟೆಡ್ ಪ್ಯಾಕಿಗೆ ದೇಶದೊಳಗೆ ರೋಮಿಂಗ್ ಅಂತ ಬೇರೆ ಕೊಡಬೇಕಿಲ್ಲ. ಫೋನಿನಲ್ಲಿ ಡೇಟಾ ರೋಮಿಂಗ್ ಮಾತ್ರ ಆನ್ ಇರಲಿ. ದೂರದ ಊರಿಗೆ ಹೋಗುವಾಗ ಮತ್ತೆ ಆಟೊಮ್ಯಾಟಿಕ್‌ಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲಿ ಸಿಗ್ನಲ್ಲೇ ಬರುವುದಿಲ್ಲ.

5ಜಿ ಫೋನ್ ಆದರೆ 4ಜಿಗೆ ಇಟ್ಟು ನೋಡಿ. 5ಜಿ ಅಂಚಿನಲ್ಲಿ ಸಿಕ್ಕಿ ಸಿಕ್ಕಿ ಬಿಡುವ ಕಡೆ ಬ್ಯಾಟರಿಯೂ ಹೋಗುತ್ತದೆ, ಕೆಲಸವೂ ಆಗುವುದಿಲ್ಲ.

ಚನ್ನಗಿರಿ ಟೀಚರ್

ನಾನು ಮಾಡಿದ ತಪ್ಪು ಹೇಳುತ್ತೇನೆ, ಇನ್ಯಾರೂ ಮಾಡಬಾರದು. ನಮ್ಮ ಶಾಲೆ ಸೂಳೆಕೆರೆ ಕಡೆ. ಸಹೋದ್ಯೋಗಿಯೊಬ್ಬರು ಫೋನ್ ಎತ್ತಿ ತೋರಿಸಿದರು, ಫುಲ್ ಕಡ್ಡಿ. ಮರುದಿನವೇ ನನ್ನ ನಂಬರ್ ಪೋರ್ಟ್‌ಗೆ ಹಾಕಿಬಿಟ್ಟೆ. ಶಾಲೆಯಲ್ಲಿ ಚೆನ್ನಾಗಿತ್ತು, ನಿಜ. ನಾನು ಶಾಲೆಯಲ್ಲಿರುವುದು ಏಳು ಗಂಟೆ, ಉಳಿದ ಹೊತ್ತು ಮನೆ. ಮನೆಯಲ್ಲಿ ಏನೂ ಇಲ್ಲ. 90 ದಿನ ಮಾಳಿಗೆ ಹತ್ತಿ ಮಾತಾಡಿದೆ. ಅಷ್ಟೇ ಅಲ್ಲ, ಅರ್ಜಿ ಹಾಕಿದ್ದು ತಿಂಗಳ ಕೊನೆಗೆ. ಸಿಮ್ ಬದಲಾದ ದಿನ ಬ್ಯಾಂಕಿನ ಒಟಿಪಿ ಬರಲಿಲ್ಲ, ಯುಪಿಐ ಮತ್ತೆ ನೋಂದಾಯಿಸು ಅಂತ ಕೇಳಿತು, ಮಗನ ಫೀಸ್ ಕಟ್ಟುವ ಕೊನೇ ದಿನ ಅದು. ಅಣ್ಣನಿಗೆ ಫೋನ್ ಮಾಡಿ ಕಟ್ಟಿಸಿದೆ. ನಿಮ್ಮ ಅವ್ವನ ನಂಬರಿಗೆ ಬ್ಯಾಂಕ್ ಇದೆ ಅಂದಿರಿ. ದುಡ್ಡಿನ ಕೆಲಸ ಇಲ್ಲದ ವಾರ ನೋಡಿ ಮಾಡಿಸಿ, ಆ ಎರಡು ದಿನಕ್ಕೆ ಕೈಯಲ್ಲಿ ಸ್ವಲ್ಪ ಹಣ ಇಟ್ಟಿರಿ.

ಚಳ್ಳಕೆರೆ ರೀಚಾರ್ಜ್ ಅಂಗಡಿ

ಮೇಡಂ ಹೇಳಿದ್ದು ಬಹಳ ಮುಖ್ಯ. ಇದಕ್ಕೇ ನಾನು ಬಂದವರಿಗೆಲ್ಲ ಮೊದಲು ಒಂದು ಹೊಸ ಸಿಮ್ ತೆಗೆದುಕೊಳ್ಳಿ, ಸಣ್ಣ ಪ್ಯಾಕ್ ಹಾಕಿಸಿ, ಎರಡು ಸಿಮ್ಮಿನ ಫೋನಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಅಂತ ಹೇಳುವುದು. ಆ ಖರ್ಚು ದಂಡ ಅಂದುಕೊಳ್ಳಬೇಡಿ.

ಇನ್ನೊಂದು ಮರೆತೆ. ಅವ್ವನದು ಕೀಪ್ಯಾಡ್ ಅಂದಿರಿ. ಅದು 2ಜಿ ಫೋನ್ ಆಗಿದ್ದರೆ ಜಿಯೊ ಸಿಮ್ ಅದರಲ್ಲಿ ನಡೆಯುವುದಿಲ್ಲ, 2016ರಲ್ಲಿ ಶುರುವಾದಾಗಿನಿಂದ ಅವರದು 2ಜಿ ಇಲ್ಲ. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್‌ನಲ್ಲಿ 2ಜಿ ಇದೆ. 4ಜಿ ಕೀಪ್ಯಾಡ್ ಫೋನೂ ಬಂದಿವೆ, ಗುಂಡಿ ದೊಡ್ಡದು, ಹಿರಿಯರಿಗೆ ಸುಲಭ. ಆದರೆ ಕೆಲವು ಒಂದೇ ಕಂಪನಿಗೆ ಲಾಕ್ ಆಗಿರುತ್ತವೆ, ಕೇಳಿಯೇ ತೆಗೆದುಕೊಳ್ಳಿ. ನಿಮ್ಮ ದೊಡ್ಡ ಫೋನಿನಲ್ಲಿ ಪರೀಕ್ಷೆ ಮಾಡಿ ಅವ್ವನ ಸಣ್ಣ ಫೋನಿಗೆ ಸಿಮ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಅವ್ವ ಯಾವುದರಲ್ಲಿ ಮಾತಾಡುತ್ತಾರೋ ಅದರಲ್ಲೇ ನೋಡಿ.

ನಿಟುವಳ್ಳಿ ನಿವಾಸಿ, ದಾವಣಗೆರೆ

ಬಿಎಸ್‌ಎನ್‌ಎಲ್ ಬಗ್ಗೆ ಯಾರಾದರೂ ಹೇಳಿ. 2025ರ ಸೆಪ್ಟೆಂಬರ್ 27ಕ್ಕೆ ನಮ್ಮ ದೇಶದ್ದೇ 4ಜಿ ತಂತ್ರಜ್ಞಾನ ಅಂತ ಪ್ರಧಾನಿ ಉದ್ಘಾಟನೆ ಮಾಡಿದರಲ್ಲ. ಹಳ್ಳಿ ಕಡೆ ಬಂದಿದೆಯಾ?

ಟವರ್ ಕೆಲಸದವನು, ಹೊಸದುರ್ಗ

ಬಂದಿದೆ, ನಮ್ಮ ಕಡೆಯೂ ಕಟ್ಟಿದ್ದಾರೆ. ಟಿಸಿಎಸ್, ತೇಜಸ್, ಸಿ-ಡಾಟ್ ಸೇರಿ ಮಾಡಿದ ಉಪಕರಣ. ಬಿಎಸ್‌ಎನ್‌ಎಲ್ ಒಂದೇ ಟವರ್ ಇರುವ ಊರುಗಳೂ ಇವೆ. ಅದರ 4ಜಿ 700ರಲ್ಲೂ 2100ರಲ್ಲೂ ಬರುತ್ತದೆ, ಹಳೇ ಫೋನುಗಳಲ್ಲಿ 700ರ ಬ್ಯಾಂಡ್, ಅಂದರೆ ಬ್ಯಾಂಡ್ 28, ಇರುವುದಿಲ್ಲ. ಫೋನಿನ ವಿವರದಲ್ಲಿ 28 ಇದೆಯಾ ನೋಡಿ. ಇಲ್ಲದಿದ್ದರೆ ಟವರ್ ಕಣ್ಣೆದುರೇ ಇದ್ದರೂ ಫೋನಿಗೆ ಅದು ಕಾಣುವುದಿಲ್ಲ.

ಟ್ರಾಯ್ ಹೇಳಿದ ಮೇಲೆ ಎಲ್ಲ ಕಂಪನಿಗಳೂ ತಮ್ಮ ವೆಬ್‌ಸೈಟಿನಲ್ಲಿ ವ್ಯಾಪ್ತಿಯ ನಕ್ಷೆ ಹಾಕಿವೆ, ಅದನ್ನೂ ನೋಡಿ. ಆದರೆ ಅದು ಬಯಲಿನ ಲೆಕ್ಕ. ನಡುಮನೆಯ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಕಡ್ಡಿ ನಂಬಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಅದರಲ್ಲಿ ಮೈನಸ್ ಲೆಕ್ಕದಲ್ಲಿ ಒಂದು ಸಂಖ್ಯೆ ಬರುತ್ತದೆ. 4ಜಿಯಲ್ಲಿ ಮೈನಸ್ 85, 90 ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಮಾತು ಕಡಿಯುತ್ತದೆ. ಮೈನಸ್ 120 ಅಂದರೆ ಇಲ್ಲ ಅಂತಲೇ.

ಗುಡ್ಡದ ಬುಡದವನು, ಹೊಳಲ್ಕೆರೆ ತಾಲೂಕು

ಆರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ. ನೀವೆಲ್ಲ ಇಷ್ಟು ಬರೆದಿದ್ದೀರಿ, ಹೇಳದೆ ಇರಬಾರದು.

ಮೊದಲು ತರಂಗ್ ಸಂಚಾರ್‌ನಲ್ಲಿ ನೋಡಿದೆ, ಆಮೇಲೆ ಬೈಕಿನಲ್ಲೇ ಸುತ್ತಿದೆ. ಊರಿಗೆ ಕಾಣುವುದು ಎರಡು ಟವರ್. ಒಂದು ಮೇನ್ ರೋಡಿನಲ್ಲಿ, ಹತ್ತಿರ. ನಾನು ಹೋಗಬೇಕು ಅಂದುಕೊಂಡಿದ್ದ ಕಂಪನಿ ಅದೇ ಟವರಿನ ಮೇಲಿದೆ, ಈಗ ಇರುವ ಕಂಪನಿಯೂ ಅಲ್ಲೇ. ಟವರ್ ಅಣ್ಣ ಹೇಳದೇ ಇದ್ದರೆ ಖಂಡಿತ ಅದಕ್ಕೇ ಹೋಗುತ್ತಿದ್ದೆ. ಇನ್ನೊಂದು ಟವರ್ ಭೀಮಸಮುದ್ರದ ಕಡೆಗೆ, ಗುಡ್ಡದ ಸಂದಿಯಲ್ಲಿ ತುದಿ ಮಾತ್ರ ಕಾಣುತ್ತದೆ, ದೂರ. ಅದರಲ್ಲಿ ಬೇರೆ ಕಂಪನಿ.

ಎರಡೂ ಕಂಪನಿಯ ಹೊಸ ಸಿಮ್ ತೆಗೆದುಕೊಂಡೆ. ಎರಡು ಸಿಮ್ ಹಾಕುವ 4ಜಿ ಕೀಪ್ಯಾಡ್ ಫೋನ್ ಒಂದು ತಂದೆ, ಲಾಕ್ ಇಲ್ಲದ್ದು. ಅವ್ವನಿಗೆ ಪರದೆ ಮೇಲಿನ ಕಡ್ಡಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪಕ್ಕದ ಮನೆ ಹುಡುಗನ ತಂಗಿ ಏಳನೇ ಕ್ಲಾಸು, ಅವಳಿಗೆ ಹೇಳಿದೆ. ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಹಿಂದೆ ಇದೆ. ದಿನಾ ಬೆಳಗ್ಗೆ, ಸಂಜೆ, ರಾತ್ರಿ ಎಂಟಕ್ಕೆ ಎರಡು ಸಿಮ್ಮಿನಿಂದಲೂ ನನಗೆ ಮಿಸ್ಡ್ ಕಾಲ್ ಕೊಡುವುದು, ಹೋದರೆ ಸರಿ ಗುರುತು, ಹೋಗದಿದ್ದರೆ ಅಡ್ಡಗೆರೆ. ಕರೆಂಟ್ ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ. ಮೂರು ವಾರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹೋದ ಭಾನುವಾರ ಆ ಕ್ಯಾಲೆಂಡರ್ ಇಳಿಸಿ ನೆಲದ ಮೇಲೆ ಹಾಸಿಕೊಂಡು ನಾನೂ ಅವ್ವನೂ ಕೂತು ನೋಡಿದೆವು.

ಹತ್ತಿರದ ಟವರಿನ ಸಿಮ್ ಹಗಲು ಹೊತ್ತು ಪೂರ್ತಿ ಸರಿ. ಚುಕ್ಕೆ ಇರುವ ಕಡೆಯೆಲ್ಲ ಅಡ್ಡಗೆರೆ, ಒಂದೂ ಬಿಟ್ಟಿಲ್ಲ. ದೂರದ ಟವರಿನದು ಹಗಲು ನಾಲ್ಕೈದು ಸಲ ಕೈಕೊಟ್ಟಿದೆ, ಮಾತು ಸ್ವಲ್ಪ ಕಡಿಯುತ್ತದೆ, ಕಡ್ಡಿ ಯಾವಾಗಲೂ ಒಂದೇ. ಆದರೆ ಚುಕ್ಕೆ ಇರುವ ಹನ್ನೊಂದು ರಾತ್ರಿಯಲ್ಲಿ ಹತ್ತು ಸಲ ಹೋಗಿದೆ. ಅವ್ವ ಅದನ್ನೇ ಬೆರಳಿಟ್ಟು ತೋರಿಸಿದಳು. ಹಗಲು ಹೊತ್ತು ಕೂಗಿದರೆ ಯಾರಾದರೂ ಬರ್ತಾರೆ, ರಾತ್ರಿಗೆ ಇದು ಬೇಕು ಅಂದಳು.

ಹೆಸರು ಬದಲಾವಣೆಗೆ ಚಿತ್ರದುರ್ಗಕ್ಕೆ ಎರಡು ಸಲ ಹೋಗಬೇಕಾಯಿತು. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಅವ್ವನ ಬೆರಳನ್ನು ಹಿಡಿಯಲೇ ಇಲ್ಲ. ನಲವತ್ತು ವರ್ಷ ಅಡಿಕೆ ಸುಲಿದ ಕೈ, ಗೆರೆಗಳೆಲ್ಲ ಸವೆದಿವೆ, ಉಗುರಿನ ಸುತ್ತ ಚೊಗರಿನ ಕಪ್ಪು ಇನ್ನೂ ಹೋಗಿಲ್ಲ. ಹತ್ತೂ ಬೆರಳು ಇಟ್ಟು ನೋಡಿದರು. ಕೊನೆಗೆ ಅಲ್ಲಿದ್ದ ಹುಡುಗಿ ತಾಳ್ಮೆಯಿಂದ, ಅಜ್ಜೀ ಇಲ್ಲಿ ನೋಡಿ ಅಂತ ಫೋಟೋ ತೆಗೆದು, ಕಾಗದ ಪತ್ರದ ಮೇಲೆ ಮಾಡಿಕೊಟ್ಟಳು. ಮನೆಯಲ್ಲಿ ವಯಸ್ಸಾದವರಿದ್ದರೆ ಇದಕ್ಕೆ ತಯಾರಾಗಿ ಹೋಗಿ, ಆಧಾರ್ ಮೂಲ ಪ್ರತಿ, ಜೆರಾಕ್ಸ್ ಎಲ್ಲ ಇರಲಿ.

ಪೋರ್ಟ್‌ಗೆ ಕೊಟ್ಟಿದ್ದು ಸೋಮವಾರ, ಆಗಿದ್ದು ಬುಧವಾರ ರಾತ್ರಿ. ಬೆಳಗ್ಗೆ ಹಳೇ ಸಿಮ್ಮಿನಲ್ಲಿ ನೋ ಸರ್ವಿಸ್ ಬಂತು, ಹೊಸದು ಹಾಕಿದೆವು. ಅಪ್ಪನ ನಂಬರ್ ಹಾಗೇ ಉಳಿಯಿತು. ಹತ್ತಿರದ ಟವರಿನ ಸಿಮ್ಮನ್ನೂ ಎರಡನೇ ಜಾಗದಲ್ಲಿ ಇಟ್ಟಿದ್ದೇವೆ, ಹಗಲಿಗೆ.

ಹರಿಹರದ ಅಣ್ಣ ಹೇಳಿದಂತೆ ದೂರನ್ನೂ ಕೊಟ್ಟೆ. ನಮ್ಮ ಬೀದಿಯಲ್ಲಿ ಎಂಟು ಮನೆಯವರು ಕೊಟ್ಟರು. ಡಾಕೆಟ್ ನಂಬರ್ ಎಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. "ಸಮಸ್ಯೆ ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು, ಅವತ್ತು ರಾತ್ರಿಯೂ ಟವರ್ ಹೋಯಿತು. ಮೇಲ್ಮನವಿ ಹಾಕಿದ್ದೇನೆ.

ಮೊಳಕಾಲ್ಮೂರು ಮಗ್ಗದ ಮನೆ

ಒಳ್ಳೆಯದಾಯಿತು ತಮ್ಮಾ. ನಾನೂ ಆಂಧ್ರದ ಟವರನ್ನೇ ಹಿಡಿಸಿಟ್ಟೆ, ಹಿಂದಿನ ಕೋಣೆಯಿಂದ ಈಗ ಫೋಟೋ ಹೋಗುತ್ತಿದೆ. ಕಂಪನಿ ಬದಲಾಯಿಸಲಿಲ್ಲ.

ಟವರ್ ಕೆಲಸದವನು, ಹೊಸದುರ್ಗ

ಆ ಹನ್ನೊಂದನೇ ರಾತ್ರಿ ಯಾಕೆ ಹೋಗಲಿಲ್ಲ ನೋಡಿದಿರಾ? ಮಳೆ ಇತ್ತಾ?

ಗುಡ್ಡದ ಬುಡದವನು, ಹೊಳಲ್ಕೆರೆ ತಾಲೂಕು

ಹೌದಣ್ಣ, ಜೋರು ಮಳೆ. ಕ್ಯಾಲೆಂಡರಿನಲ್ಲಿ ಆ ಹುಡುಗಿ ಅಡ್ಡಗೆರೆ ಪಕ್ಕ ಕೊಡೆ ಚಿತ್ರ ಬರೆದಿದ್ದಾಳೆ. ಮಳೆಗಾಲಕ್ಕೆ ಏನು ಮಾಡಲಿ? ವೈಫೈ ಮೇಲೆ ಕಾಲ್ ಹೋಗುತ್ತದಂತಲ್ಲ, ನಮ್ಮ ಪಂಚಾಯಿತಿ ತನಕ ಫೈಬರ್ ಬಂದಿದೆ.

ಟವರ್ ಕೆಲಸದವನು, ಹೊಸದುರ್ಗ

ಹೋಗುತ್ತದೆ, ಆದರೆ ಆ ಸೌಲಭ್ಯ ಇರುವ ಫೋನ್ ಬೇಕು, ಅವ್ವನ ಕೀಪ್ಯಾಡಿನಲ್ಲಿ ಆಗುವುದು ಅನುಮಾನ. ಫೈಬರ್ ಮನೆಗೆ ಎಳೆಸಿದರೆ ರೂಟರಿಗೆ ಸಣ್ಣ ಯುಪಿಎಸ್ ಇಟ್ಟುಕೊಳ್ಳಬೇಕು, 12 ವೋಲ್ಟಿನದು ಸಿಗುತ್ತದೆ. ಮೊದಲು ಪಂಚಾಯಿತಿಯಿಂದ ನಿಮ್ಮ ಮನೆಗೆ ಎಷ್ಟು ಕಂಬ ಅಂತ ಎಣಿಸಿಕೊಂಡು ಬಾ, ಆಮೇಲೆ ಮಾತಾಡೋಣ.

ಗುಡ್ಡದ ಬುಡದವನು, ಹೊಳಲ್ಕೆರೆ ತಾಲೂಕು

ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಎಣಿಸಿ ಹೇಳುತ್ತೇನೆ.